ಜೋಮು ಹಿಡಿದ ಕಾಲಲ್ಲಿ ಕಾಶಿ

 

ಇವತ್ತು ನಾನು ಹೇಳಹೊರಟಿರುವುದು ನ್ಯೂರೋಪಥಿ ಎಂಬ ತೊಂದರೆಯ ಬಗ್ಗೆ ಮತ್ತು ಆ ತೊಂದರೆಯನ್ನು ಹೊತ್ತುಕೊಂಡು ಕಾಶಿಯಲ್ಲಿ ಓಡಾಡುವುದರ ಬಗ್ಗೆ. ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಸಕ್ಕರೆ ಕಾಯಿಲೆ ಬಂದು 20 ವರ್ಷವಾಯಿತು, ಕಾಲಿನ ನರಗಳು ಸೋತು 11 ವರ್ಷ. ನಿವೃತ್ತಿಯಾದ ಮೇಲೆ ಪ್ರತಿವರ್ಷ ಕಾರ್ತಿಕ ಮಾಸವನ್ನು ಕಾಶಿಯಲ್ಲಿ ಕಳೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಆದ್ದರಿಂದ ನನ್ನ ಮಾತಿನಲ್ಲಿ ಅರ್ಧ ಡಾಕ್ಟರುಗಳಿಂದ ಕೇಳಿ ತಿಳಿದದ್ದು, ಇನ್ನರ್ಧ ಗಂಗೆಯ ಮೆಟ್ಟಿಲುಗಳ ಮೇಲೆ ಕಲಿತದ್ದು.

ನ್ಯೂರೋಪಥಿ ಎಂದರೆ ಹೊಸದೇನೋ ಎನಿಸಬಹುದು. ಆದರೆ ಅದಕ್ಕೆ ಬೇಕಾದ ಮಾತುಗಳೆಲ್ಲ ನಮ್ಮ ಅಜ್ಜಿಯರ ಬಳಿ ಇದ್ದವು. ಕಾಲು ಜೋಮು ಹಿಡಿಯಿತು, ಜುಮುಜುಮು ಎನ್ನುತ್ತದೆ, ಮರಗಟ್ಟಿದೆ, ಅಂಗಾಲು ಉರಿ, ಇರುವೆ ಹರಿದ ಹಾಗೆ ಆಗುತ್ತದೆ. ಡಾಕ್ಟರು ನನ್ನನ್ನು ಮೊದಲ ಸಲ ಏನಾಗುತ್ತದೆ ಎಂದು ಕೇಳಿದಾಗ ಇಂಗ್ಲಿಷಿನಲ್ಲಿ ತಡವರಿಸಿ, ಕೊನೆಗೆ ಜೋಮು ಎಂದೆ. ಅವರು ತಮಿಳರು, ಆದರೂ ತಕ್ಷಣ ಅರ್ಥವಾಯಿತು.

ಸಾಧಾರಣ ಜೋಮು ಕಾಲು ಝಾಡಿಸಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ರಾತ್ರಿ ಹತ್ತಕ್ಕೆ ಮಲಗಿದರೆ ಹನ್ನೊಂದಕ್ಕೆ ಅಂಗಾಲಿನಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ಕೈಯಿಂದ ಮುಟ್ಟಿ ನೋಡಿದರೆ ಕಾಲು ತಣ್ಣಗೇ ಇದೆ. ಹೊದಿಕೆಯ ಅಂಚು ತಾಗಿದರೆ ಮುಳ್ಳು ಗೀರಿದ ಹಾಗೆ. ಅದೇ ಕಾಲಿಗೆ ಬೆಳಿಗ್ಗೆ ನಿಜವಾದ ಮುಳ್ಳು ಚುಚ್ಚಿದರೆ ಗೊತ್ತೇ ಆಗುವುದಿಲ್ಲ. ಏನೂ ಇಲ್ಲದಾಗ ಉರಿ ಎನ್ನುತ್ತದೆ, ಏನಾದರೂ ಆದಾಗ ಸುಮ್ಮನಿರುತ್ತದೆ. ಹೀಗೆ ಎರಡೂ ಕಡೆ ಸುಳ್ಳು ಹೇಳುವ ಕಾಲನ್ನು ನಂಬಿಕೊಂಡು ನಡೆಯುವುದು ಹೇಗೆ? ನಮ್ಮಂಥವರ ದಿನನಿತ್ಯದ ಪ್ರಶ್ನೆ ಇದು.

ಕಾರಣ ಸರಳವಾಗಿ ಹೇಳುವುದಾದರೆ ಹೀಗೆ. ಸೊಂಟದ ಹತ್ತಿರ ಬೆನ್ನುಹುರಿಯಿಂದ ಹೊರಟು ಕಾಲಿನ ಹೆಬ್ಬೆರಳು ತಲಪುವ ನರದ ಎಳೆ ಹೆಚ್ಚು ಕಡಿಮೆ ಒಂದು ಮೀಟರ್ ಉದ್ದ. ದೇಹದಲ್ಲಿ ಅತಿ ಉದ್ದದ ತಂತಿ ಅದೇ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ಅವುಗಳಿಗೆ ಅನ್ನ ನೀರು ಒದಗಿಸುವ ಸಣ್ಣ ರಕ್ತನಾಳಗಳೂ ಕೆಡುತ್ತವೆ, ಉದ್ದದ ತಂತಿಗೆ ಮೊದಲು ಪೆಟ್ಟು. ಅದಕ್ಕೇ ತೊಂದರೆ ಕಾಲ್ಬೆರಳಿನಿಂದ ಆರಂಭವಾಗಿ ಕಾಲುಚೀಲ ತೊಟ್ಟ ಹಾಗೆ ಮೇಲೇರುತ್ತದೆ. ಮೊಣಕಾಲಿನ ಸಮೀಪಕ್ಕೆ ಬರುವ ಹೊತ್ತಿಗೆ ಬೆರಳ ತುದಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಒಂದೇ ಕಾರಣವಲ್ಲ. ಮದ್ಯ, ಥೈರಾಯಿಡ್, ಮೂತ್ರಪಿಂಡದ ಸೋಲು, ಕೆಲವು ಕ್ಯಾನ್ಸರ್ ಔಷಧಿಗಳು, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಇವೆಲ್ಲ ಇವೆ. ನಮ್ಮಲ್ಲಿ ಸಸ್ಯಾಹಾರಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಬಿ-12 ಎಂಬ ಜೀವಸತ್ವದ ಕೊರತೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡರೂ ಬಿ-12 ಇಳಿಯುತ್ತದೆ. ಸಸ್ಯಾಹಾರಿಯೂ ಹೌದು, ಮೆಟ್‌ಫಾರ್ಮಿನ್ ನುಂಗುವವರೂ ಹೌದು ಎಂದಾದರೆ, ತಮ್ಮ ಡಾಕ್ಟರನ್ನು ಈ ಬಗ್ಗೆ ಒಮ್ಮೆ ಕೇಳಿ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆದರೆ ಅಂಗಡಿಯಿಂದ 'ನರದ ಮಾತ್ರೆ' ಎಂದು ತಂದು ವರ್ಷಗಟ್ಟಲೆ ನುಂಗಬೇಡಿ. ಅವುಗಳಲ್ಲಿ ಬೆರೆಸುವ ಬಿ-6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ವಿಚಿತ್ರ, ಆದರೆ ನಿಜ.

ಇನ್ನು ಕಾಶಿಗೆ ಬರೋಣ.

ಕಾಶಿಗೂ ನೋವಿಗೂ ಹಳೆಯ ನಂಟು. ಅಸ್ಸಿಯ ಪಕ್ಕದ ತುಳಸಿ ಘಾಟಿಗೆ ಹೋದವರಿಗೆ ಗೊತ್ತು, ರಾಮಚರಿತಮಾನಸ ಬರೆದ ಗೋಸ್ವಾಮಿ ತುಳಸೀದಾಸರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ. ತೀರಿಕೊಂಡದ್ದು 1623ರಲ್ಲಿ. ಅವರ ರಚನೆಗಳಲ್ಲಿ 'ಹನುಮಾನ್ ಬಾಹುಕ' ಎಂಬುದೊಂದಿದೆ, ವ್ರಜ ಭಾಷೆಯ 44 ಪದ್ಯಗಳು. ಬಾಹು ಎಂದರೆ ತೋಳು. ಸಹಿಸಲಾಗದ ತೋಳುನೋವು ಬಂದಾಗ ಹನುಮಂತನಿಗೆ ಮೊರೆಯಿಟ್ಟು ಬರೆದದ್ದು ಎಂದು ಪ್ರತೀತಿ. ಅದು ನ್ಯೂರೋಪಥಿಯೇ ಎಂದು ನಾನು ಹೇಳಲಾರೆ. ನಾನೂರು ವರ್ಷದ ಹಿಂದಿನ ರೋಗಿಗೆ ಈಗ ಕಾಯಿಲೆಯ ಹೆಸರಿಡುವುದು ಹುಡುಗಾಟ. ಆ ಪದ್ಯಗಳಲ್ಲಿ ತೋಳಲ್ಲದೆ ಕಾಲು, ಹೊಟ್ಟೆ, ಬಾಯಿ, ಕೊನೆಗೆ ಮೈಯೆಲ್ಲ ನೋವೇ ಆಗಿದೆ ಎನ್ನುತ್ತಾರೆ. ಹುಣ್ಣುಗಳ ಮಾತೂ ಬರುತ್ತದೆ.

ನನಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ, ಅವರು ಮಾತನಾಡುವ ರೀತಿ. ನಮ್ಮ ಮನೆಗಳಲ್ಲಿ ಭಕ್ತರಾದವರು ನೋವು ಹೇಳಿಕೊಳ್ಳಬಾರದು, ಎಲ್ಲ ಅವನ ಇಚ್ಛೆ ಎಂದು ನುಂಗಿಕೊಳ್ಳಬೇಕು ಎಂಬ ಭಾವನೆ ಇದೆಯಲ್ಲ? ತುಳಸೀದಾಸರು ನುಂಗಿಕೊಳ್ಳುವುದಿಲ್ಲ. ಬೇಡುತ್ತಾರೆ, ಹೊಗಳುತ್ತಾರೆ, ಮುನಿಸಿಕೊಳ್ಳುತ್ತಾರೆ, ಇಷ್ಟು ದೊಡ್ಡವನಾದ ನಿನಗೆ ನನ್ನ ಈ ಸಣ್ಣ ಕೆಲಸ ಯಾಕೆ ಆಗದು ಎಂದು ಜಗಳಕ್ಕೇ ನಿಲ್ಲುತ್ತಾರೆ. ಕೊನೆಯ ಪದ್ಯದಲ್ಲಿ, ಆಗದಿದ್ದರೆ ಆಗದು ಎಂದಾದರೂ ಹೇಳಿಬಿಡು, ಬಿತ್ತಿದ್ದನ್ನು ಕೊಯ್ಯುತ್ತಿದ್ದೇನೆ ಎಂದುಕೊಂಡು ಸುಮ್ಮನಾಗುತ್ತೇನೆ ಎನ್ನುವ ಧಾಟಿ. ಅಷ್ಟು ದೊಡ್ಡ ಸಂತ ರಾತ್ರಿಯೆಲ್ಲ ನರಳಿ, ನರಳಿದ್ದನ್ನು 44 ಪದ್ಯ ಬರೆದಿದ್ದಾನೆ ಎಂದ ಮೇಲೆ, ನೀವು ನಾನು ಹೆಂಡತಿಯ ಹತ್ತಿರ 'ಕಾಲು ಉರಿಯುತ್ತಿದೆ ಕಣೇ' ಎನ್ನುವುದಕ್ಕೆ ಸಂಕೋಚಪಡಬೇಕಾಗಿಲ್ಲ. ತುಳಸೀದಾಸರೇ ಸ್ಥಾಪಿಸಿದರೆಂದು ಹೇಳುವ ಸಂಕಟಮೋಚನ ಗುಡಿಯಲ್ಲಿ ಮಂಗಳವಾರ, ಶನಿವಾರ ನೋಡಿ, ಗೋಡೆಗೊರಗಿ ಕುಳಿತು ಪುಸ್ತಕ ಹಿಡಿದು ಓದಿಕೊಳ್ಳುವವರು ಎಷ್ಟು ಜನ! ಅವರಲ್ಲಿ ಎಷ್ಟು ಜನರಿಗೆ ಎಲ್ಲೆಲ್ಲಿ ನೋವೋ, ಯಾರೂ ಯಾರನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತರೆ ಸಾಕು, ಸ್ವಲ್ಪ ಹಗುರವಾಗುತ್ತದೆ.

ನರದ ಕಾಯಿಲೆಯ ಇನ್ನೊಂದು ಕಾಶಿ ಗಂಗೆಯ ಆಚೆ ದಡದಲ್ಲಿದೆ. ನಮ್ಮ ಯಾತ್ರಿಕರು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಮಾಲವೀಯ ಸೇತುವೆ ದಾಟಿದರೆ ಪಡಾವ್ ಎಂಬಲ್ಲಿ ಅವಧೂತ ಭಗವಾನ್ ರಾಮ್ ಕುಷ್ಠ ಸೇವಾಶ್ರಮ. ಕುಷ್ಠ ಎಂದೊಡನೆ ನಾವು ಚರ್ಮದ ಕಾಯಿಲೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ನರದ ಕಾಯಿಲೆ. 1873ರಲ್ಲಿ ನಾರ್ವೆಯ ಹಾನ್ಸೆನ್ ಕಂಡುಹಿಡಿದ ಆ ರೋಗಾಣು ಹೋಗಿ ಕೂರುವುದು ನರದ ಹೊದಿಕೆಯ ಜೀವಕೋಶಗಳಲ್ಲಿ. ಸ್ಪರ್ಶ ಹೋಗುತ್ತದೆ, ನೋವು ಹೋಗುತ್ತದೆ. ಬೆರಳುಗಳು ಕೊಳೆತು ಬೀಳುತ್ತವೆ ಎಂಬುದು ತಪ್ಪು ತಿಳಿವಳಿಕೆ. ನೋವಿಲ್ಲದ ಕೈ ಸುಟ್ಟುಕೊಳ್ಳುತ್ತದೆ, ಕೊಯ್ದುಕೊಳ್ಳುತ್ತದೆ, ಗಾಯ ಕೀವಾಗುತ್ತದೆ, ಹಾಗೆ ಸವೆಯುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಅವರ ರೋಗಿಗಳ ಬೆರಳುಗಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದವಂತೆ. ಕಾವಲು ಕೂತು ನೋಡಿದರೆ ಇಲಿಗಳು ಕಡಿಯುತ್ತಿದ್ದವು; ಮಲಗಿದವನಿಗೆ ಎಚ್ಚರವೇ ಇಲ್ಲ! ಆಮೇಲೆ ಮನೆಗೆ ಹೊರಟ ರೋಗಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸುತ್ತಿದ್ದರಂತೆ. ಇವತ್ತು ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬರೆದುಕೊಡುವ ಮೆತ್ತನೆಯ ಎಂಸಿಆರ್ ಚಪ್ಪಲಿ ಮೊದಲು ರೂಪುಗೊಂಡದ್ದು ಅಲ್ಲಿಯ ಕುಷ್ಠರೋಗಿಗಳಿಗಾಗಿ. ನನ್ನ ಕಾಲಲ್ಲಿರುವುದೂ ಅದೇ. ಆ ಜನರ ಋಣ ನಮ್ಮ ಮೇಲಿದೆ.

ಪಡಾವ್‌ಗೆ ಮತ್ತೆ ಬರುತ್ತೇನೆ. ಭಗವಾನ್ ರಾಮ್ ಅವರು 1937ರಲ್ಲಿ ಬಿಹಾರದಲ್ಲಿ ಹುಟ್ಟಿದವರು, ಕಾಶಿಯ ಕೀನಾರಾಮ್ ಪೀಠದಲ್ಲಿ ದೀಕ್ಷೆ ಪಡೆದ ಅಘೋರಿ. ಅಘೋರಿ ಎಂದರೆ ನಮ್ಮ ಕಡೆಯವರಿಗೆ ಬೂದಿ, ಬುರುಡೆ, ಭಯ. ಆದರೆ ಇವರ ವಿಚಾರ ಬೇರೆ. ಯಾವುದನ್ನೂ ಅಸಹ್ಯಪಡಬಾರದು ಎಂಬುದೇ ಅಘೋರದ ಸಾಧನೆಯಾದರೆ, ಊರೆಲ್ಲ ಅಸಹ್ಯಪಡುವ ಮನುಷ್ಯನ ಸೇವೆ ಮಾಡುವುದೇ ನಿಜವಾದ ಸಾಧನೆ ಎಂದು ಆ ದಾರಿಯನ್ನು ತಿರುಗಿಸಿಬಿಟ್ಟರು. 1961ರಲ್ಲಿ ಸರ್ವೇಶ್ವರಿ ಸಮೂಹ ಎಂಬ ಸಂಸ್ಥೆ ಕಟ್ಟಿದರು. 1992ರಲ್ಲಿ ಅವರು ತೀರಿಕೊಂಡರು.

ಅಮೆರಿಕದ ಮಾನವಶಾಸ್ತ್ರಜ್ಞ ರಾನ್ ಬ್ಯಾರೆಟ್ ಎಂಬವರು ಇಲ್ಲಿದ್ದು ಅಧ್ಯಯನ ಮಾಡಿ 2008ರಲ್ಲಿ ಅಘೋರ ವೈದ್ಯದ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಬನಾರಸಿನ ಕುಷ್ಠರೋಗಿಗಳ ಬಗ್ಗೆ ಅವರು ಗಮನಿಸಿದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಜನರ ತಿರಸ್ಕಾರಕ್ಕೆ ಹೆದರಿ ರೋಗಿ ಮೊದಲು ಮಚ್ಚೆಯನ್ನು ಮುಚ್ಚಿಡುತ್ತಾನೆ. ಆಮೇಲೆ ಸ್ಪರ್ಶವಿಲ್ಲದ ಕೈಯನ್ನು, ಕಾಲನ್ನು ತನ್ನದಲ್ಲವೆಂಬಂತೆ ಕಾಣತೊಡಗುತ್ತಾನೆ. ತನ್ನದಲ್ಲದ ಕಾಲನ್ನು ಯಾರು ತೊಳೆಯುತ್ತಾರೆ, ಯಾರು ನೋಡುತ್ತಾರೆ?

ಈ ಮಾತು ಕುಷ್ಠಕ್ಕೆ ಮಾತ್ರವೇ? ನನ್ನ ಬಳಗದ ಸಕ್ಕರೆ ಕಾಯಿಲೆಯವರನ್ನು ನೋಡುತ್ತೇನೆ. ರಕ್ತದ ಸಕ್ಕರೆ ಎಷ್ಟು ಎಂದು ಕೇಳಿದರೆ ಮೂರು ತಿಂಗಳ ಲೆಕ್ಕ ಒಪ್ಪಿಸುತ್ತಾರೆ. ಅಂಗಾಲು ನೋಡಿಕೊಂಡದ್ದು ಯಾವಾಗ ಎಂದರೆ ಮುಖ ಮುಖ ನೋಡುತ್ತಾರೆ. ಹೊಟ್ಟೆ ಅಡ್ಡ ಬರುತ್ತದೆ, ಕಣ್ಣು ಮಂಜು, ಬಗ್ಗಲು ಆಗದು ಎಂಬುದೆಲ್ಲ ಸರಿ. ಅದರ ಕೆಳಗೆ ಇನ್ನೊಂದಿದೆ. ಆ ಕಾಲಿನ ಮೇಲೆ ನಮಗೆ ಒಂದು ಬಗೆಯ ಬೇಸರ ಬಂದಿರುತ್ತದೆ. ಇಡೀ ರಾತ್ರಿ ಕಾಡಿದ್ದನ್ನು ಹಗಲಲ್ಲಿ ಯಾಕೆ ನೋಡಬೇಕು ಎಂಬಂಥ ಬೇಸರ.

ಕುಷ್ಠದ ಬಗ್ಗೆ ಒಂದು ಮಾತು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ. ಅದು ಗುಣವಾಗುವ ಕಾಯಿಲೆ. ಬಹುಔಷಧ ಚಿಕಿತ್ಸೆ 6 ತಿಂಗಳು ಅಥವಾ 12 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಔಷಧಿ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಅಂಟುವುದು ನಿಲ್ಲುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಕುಷ್ಠವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗಬಹುದೆಂದು ನಮ್ಮ ಕಾನೂನಿನಲ್ಲಿದ್ದದ್ದನ್ನು ತೆಗೆದದ್ದು 2019ರಲ್ಲಿ. ಇಷ್ಟು ತಡವಾಗಿ! ಮೈಮೇಲೆ ಬಿಳಿಚಿದ ಅಥವಾ ಕೆಂಪಾದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ.

ಕಾಶಿಯಲ್ಲಿ ನಮ್ಮವರ ವಿಷಯ. ಕನ್ನಡಿಗರಿಗೆ ಈ ಊರು ಪರಊರೇನಲ್ಲ. ಹನುಮಾನ್ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದ ಕಾಲದ, ಈಗ ಕರ್ನಾಟಕದ ಹೆಸರಿನ ಘಾಟ್ ಇದೆ. ಗೋದೌಲಿಯಾದ ಹತ್ತಿರ ಜಂಗಮವಾಡಿ ಮಠ, ವೀರಶೈವ ಪಂಚಪೀಠಗಳಲ್ಲಿ ಒಂದು. ಒಳಗೆ ಕಾಲಿಟ್ಟರೆ ಕಲಬುರ್ಗಿಯ, ಬೆಳಗಾವಿಯ ಮಾತು ಕಿವಿಗೆ ಬೀಳುತ್ತದೆ. 1916ರಲ್ಲಿ ಆರಂಭವಾದ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅದರ ಆವರಣದಲ್ಲಿರುವ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ನರರೋಗ ವಿಭಾಗವೂ ಇದೆ, ಯಾತ್ರೆಗೆ ಬಂದವರಿಗೆ ಗೊತ್ತಿದ್ದರೆ ಒಳ್ಳೆಯದು. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲು ಹೊರಟ ಮೇಲಂತೂ, ಹಿಂದೆ ಕಾಶಿಯ ಕನಸೂ ಕಾಣದಿದ್ದ ಎಷ್ಟೋ ಹಿರಿಯರು ಬಂದು ಹೋದರು. ಅವರ ಚೀಲದಲ್ಲಿ ಗಂಗೆಯ ಚೊಂಬಿನ ಜೊತೆಗೆ ಸಕ್ಕರೆ ಕಾಯಿಲೆಯ ಮಾತ್ರೆಯೂ ಇರುತ್ತದೆ.

ನಾವು ಇಳಿದುಕೊಳ್ಳುವ ಛತ್ರದಲ್ಲಿ ಕಾರ್ತಿಕದಲ್ಲಿ ಹತ್ತು ಹನ್ನೆರಡು ಜನ ಕನ್ನಡಿಗರಾದರೂ ಸೇರುತ್ತೇವೆ. ಕೆಲವು ವರ್ಷಗಳಿಂದ ಅಲ್ಲೊಂದು ಪದ್ಧತಿ ಬೆಳೆದಿದೆ. ರಾತ್ರಿ ಊಟವಾದ ಮೇಲೆ, ಭಜನೆಗೆ ಮೊದಲು, ಒಬ್ಬರ ಅಂಗಾಲನ್ನು ಒಬ್ಬರು ನೋಡುವುದು. ಕೇಳಿದರೆ ನಗು ಬರುತ್ತದೆ. ಮೊದಲು ಎಲ್ಲರಿಗೂ ಸಂಕೋಚ. ಹಿರಿಯರ ಕಾಲನ್ನು ಕಿರಿಯರು ಮುಟ್ಟುವುದು ನಮಸ್ಕಾರಕ್ಕೆ. ಹಿರಿಯರು ಕಿರಿಯರ ಕಾಲು ಹಿಡಿಯುವುದೆಂದರೆ ಛೆ ಛೆ. ಆ ಸಂಕೋಚ ಮುರಿದವನು ಇಲ್ಲಿ ಸಂಸ್ಕೃತ ಓದಲು ಬಂದಿದ್ದ ವಿಜಯಪುರ ಕಡೆಯ ಒಬ್ಬ ಹುಡುಗ. ನೆಲದ ಮೇಲೆ ಕೂತು ಹೆಗಲ ಮೇಲಿನ ಟವೆಲು ತೊಡೆಯ ಮೇಲೆ ಹಾಸಿ, 'ಅಜ್ಜಾರ, ಕಾಲು ಕೊಡ್ರಿ, ನಾಚಿಕಿ ಏನ ಬಂತು, ಪಾದಪೂಜಿ ಮಾಡೂದಿಲ್ಲೇನು ನಾವು?' ಎಂದ. ಅದಕ್ಕೆ ಎದುರು ಮಾತೇ ಇರಲಿಲ್ಲ. ಪಾದ ತೊಳೆಯುವುದು, ಒರೆಸುವುದು, ಮುಟ್ಟುವುದು, ಇದೆಲ್ಲ ಗೊತ್ತಿರುವ ಜನ ನಾವು. ಗೊತ್ತಿರುವುದನ್ನೇ ಸ್ವಲ್ಪ ಬೆಳಕು ಹಿಡಿದು ಮಾಡುವುದು, ಅಷ್ಟೆ. ಬೆರಳ ಸಂದು, ಹಿಮ್ಮಡಿಯ ಬಿರುಕು, ಆಣಿ, ಗುಳ್ಳೆ, ಎಲ್ಲಾದರೂ ಕೆಂಪಾಗಿದೆಯೇ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿದೆಯೇ. ಒಬ್ಬರಿಗೆ ಎರಡು ನಿಮಿಷ.

ಹೋದ ವರ್ಷದ ಹಿಂದಿನ ವರ್ಷ ಹಾಸನ ಕಡೆಯ ಹಿರಿಯರೊಬ್ಬರು ಹೆಂಡತಿ, ತಮ್ಮನ ಜೊತೆ ಬಂದಿದ್ದರು. ಮರುದಿನ ಬೆಳಿಗ್ಗೆ ಗಯೆಗೆ ಹೊರಡಬೇಕು, ತಂದೆತಾಯಿಗೆ ಪಿಂಡ ಹಾಕಬೇಕು. ಹುಡುಗ ಅವರ ಬಲಗಾಲು ಎತ್ತಿದ ಕೂಡಲೆ ಸುಮ್ಮನಾದ. ಚಪ್ಪಲಿಯ ಅಡಿಯಿಂದ ಮೊಳೆಯೊಂದು ಏರಿ, ಹೆಬ್ಬೆರಳ ಬುಡದಲ್ಲಿ ತೂತು ಮಾಡಿತ್ತು. ಅಂದು ಕೇದಾರ ಘಾಟಿನಿಂದ ದಶಾಶ್ವಮೇಧದವರೆಗೆ ಅವರು ಅದರ ಮೇಲೇ ನಡೆದಿದ್ದರು. ಅಮ್ಮನವರು ಅತ್ತೇಬಿಟ್ಟರು. ಅವರು ಮಾತ್ರ, ನೋವೇ ಇಲ್ಲ, ಏನಾಗಿದೆ, ಅರಿಸಿನ ಹಚ್ಚಿ ಎಂದರು. ನೋವಿಲ್ಲದಿರುವುದೇ ಅಲ್ಲಿ ಕೆಟ್ಟ ಸುದ್ದಿ ಎಂದು ಅರ್ಥ ಮಾಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಆಸ್ಪತ್ರೆಯಲ್ಲಿ ಗಾಯ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಆ ಕಾಲನ್ನು ಊರಕೂಡದು ಎಂದರು.

ಆಗ ಬಂತು ನಿಜವಾದ ಕಷ್ಟ. ಗಯೆಯ ಹೊಸ್ತಿಲಿನವರೆಗೆ ಬಂದು ಪಿಂಡ ಹಾಕದೆ ಹೋಗುವುದೇ? ಅವರು ಮಂಚದ ಮೇಲೆ ಕೂತು, 'ಕಾಲು ಹೋದರೆ ಹೋಗಲಿ' ಎಂದುಬಿಟ್ಟರು. ಅದು ಬಾಯಿಮಾತಾಗಿರಲಿಲ್ಲ. ನಮ್ಮಲ್ಲೊಬ್ಬರು ಅವರ ಶ್ರದ್ಧೆಗೆ ಅಡ್ಡಿ ಮಾಡಬಾರದು ಎಂದರು, ಇನ್ನೊಬ್ಬರು ರೇಗಿದರು. ಕೊನೆಗೆ ಅಲ್ಲಿಯ ಪುರೋಹಿತರನ್ನೇ ಕರೆಸಿದೆವು. ಅವರು ಬಂದು ಗಾಯ ನೋಡಿ, ಒಡಹುಟ್ಟಿದವನು ಹಾಕಿದರೂ ಅದು ಅದೇ ತಂದೆಗೇ ಸಲ್ಲುತ್ತದೆಯಲ್ಲ ರಾಯರೆ, ನೀವು ಇಲ್ಲಿ ಕೂತು ಸಂಕಲ್ಪ ಮಾಡಿ ಎಂದರು. ತಮ್ಮ ಗಯೆಗೆ ಹೋದ. ಇವರು ಛತ್ರದಲ್ಲಿ ಕಾಲು ಮೇಲಿಟ್ಟು ಕೂತು ಹೆಸರು ಹೇಳಿದರು. ಊರಿಗೆ ಹೋಗಿ ಐದು ವಾರಕ್ಕೆ ಗಾಯ ಮಾಗಿತೆಂದು ಫೋನು ಬಂತು. ಡಾಕ್ಟರ ಮಾತು ಅವರ ಕಿವಿಗೆ ಹೋಗಿರಲಿಲ್ಲ, ನಮ್ಮ ಮಾತೂ ಹೋಗಿರಲಿಲ್ಲ. ಪುರೋಹಿತರ ಮಾತು ಹೋಯಿತು. ಪೂಜಾರಿಗಳು, ಸ್ವಾಮಿಗಳು, ಮುಲ್ಲಾಗಳು, ಪಾದ್ರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ತಮ್ಮ ಒಂದು ಮಾತಿಗೆ ಒಂದು ಕಾಲು ಉಳಿಸುವ ಶಕ್ತಿ ಇದೆ.

ಅದೇ ಶಕ್ತಿ ಕೆಟ್ಟದ್ದಕ್ಕೂ ಬಳಕೆಯಾಗುತ್ತದೆ, ಅದನ್ನೂ ಹೇಳಬೇಕು. ಹರಕೆ ಹೊತ್ತು ಮಾತ್ರೆ ನಿಲ್ಲಿಸುವವರನ್ನು ಪ್ರತಿವರ್ಷ ನೋಡುತ್ತೇನೆ. ಕಾಶೀಖಂಡದಲ್ಲಿ ಕೃಷ್ಣನ ಮಗ ಸಾಂಬ ಇಲ್ಲಿ ಸೂರ್ಯನನ್ನು ಪೂಜಿಸಿ ಕುಷ್ಠ ಕಳೆದುಕೊಂಡ ಕಥೆಯಿದೆ. ಅದನ್ನು ಕೇಳಿ ಗಂಗೆಯ ನೀರೊಂದೇ ಸಾಕು ಎಂದು ನಂಬಿಸುವವರಿಗೆ ಈ ಊರಲ್ಲಿ ಕೊರತೆಯಿಲ್ಲ. ನನಗೆ ಗಂಗೆಯ ಮೇಲೆ ಭಕ್ತಿಯಿದೆ. ಆದರೆ ಕೆಟ್ಟ ನರ ಬೆಳೆಯುವುದಿದ್ದರೆ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ಅದೂ ಸಕ್ಕರೆ ಹತೋಟಿಯಲ್ಲಿದ್ದರೆ. ಯಾವ ಸ್ನಾನವೂ ಆ ಲೆಕ್ಕ ಬದಲಾಯಿಸುವುದನ್ನು ನಾನು ಕಂಡಿಲ್ಲ. ರಾತ್ರಿಯ ಉರಿಗೆ ಡಾಕ್ಟರು ಕೊಡುವ ಪ್ರಿಗಾಬಲಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದವು ನೋವನ್ನು ತಗ್ಗಿಸುತ್ತವೆ, ನರವನ್ನು ರಿಪೇರಿ ಮಾಡುವುದಿಲ್ಲ. ಯಾತ್ರೆಯ ನಡುವೆ ಅವನ್ನು ಥಟ್ಟನೆ ಬಿಡಲೂಬಾರದು. ಭಕ್ತಿ ನನಗೆ ಕೊಟ್ಟದ್ದು ಬೇರೆ. ದಿನಕ್ಕೊಂದು ಕ್ರಮ, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಹೇಳಿಕೊಳ್ಳಲು ಒಂದು ಹೆಸರು, ಪಕ್ಕದಲ್ಲಿ ಕೂರುವ ಜನ. ಇದು ಸಣ್ಣದಲ್ಲ.

ಈ ಕಾರ್ತಿಕಕ್ಕೆ ಹೊರಟಿರುವವರಿಗೆ ಕೆಲವು ಉಪಯೋಗದ ಮಾತು. ಗುಡಿಯೊಳಗೆ ಚಪ್ಪಲಿ ಬಿಡಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಚರ್ಮ ಮತ್ತು ರಬ್ಬರು ಒಳಗೆ ನಿಷಿದ್ಧ. ಇದೇ ಕಾರಣಕ್ಕೆ ವಿಶ್ವನಾಥ ಧಾಮದಲ್ಲಿ ಬರಿಗಾಲಲ್ಲಿ ಚಳಿಯಲ್ಲಿ ಕೆಲಸ ಮಾಡುತ್ತಿದ್ದವರಿಗೆ 2022ರ ಜನವರಿಯಲ್ಲಿ ಪ್ರಧಾನಿಯವರು 100 ಜೊತೆ ಸೆಣಬಿನ ಪಾದರಕ್ಷೆ ಕಳಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಸೆಣಬಿನದ್ದಕ್ಕಾಗಲಿ ಹತ್ತಿಯ ಕಾಲುಚೀಲಕ್ಕಾಗಲಿ ಬಾಗಿಲಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ, ಕಾಯಿಲೆ ಹೇಳಲು ನಾಚಬೇಡಿ. ದಪ್ಪನೆಯ, ಬಿಳಿಯ ಕಾಲುಚೀಲ ಒಳ್ಳೆಯದು, ರಕ್ತವಾದರೆ ಕಾಣುತ್ತದೆ. ಬೇಸಿಗೆಯಲ್ಲಿ ಹೋಗುವವರು ನಡುಹಗಲಿನ ಕಲ್ಲುಹಾಸನ್ನು ನಂಬಲೇಬೇಡಿ, ಬಿಸಿ ಕಾಲಿಗೆ ತಿಳಿಯುವುದಿಲ್ಲ. ಮೊದಲು ಕೈಯಿಂದ ಮುಟ್ಟಿ ನೋಡಿ. ನಮ್ಮ ಮದುವೆಗಳ ಕಾಶಿಯಾತ್ರೆಯಲ್ಲಿ ವರನಿಗೆ ಕೊಡೆ, ಕೋಲು, ಪಾದರಕ್ಷೆ ಕೊಡುತ್ತೇವಲ್ಲ? ನರ ಸೋತವನಿಗೆ ಡಾಕ್ಟರು ಹೇಳುವ ಸಾಮಾನೂ ಹೆಚ್ಚು ಕಡಿಮೆ ಅವೇ.

ಸ್ನಾನದಲ್ಲಿ ಒಂದು ಅಪಾಯ ಯಾರೂ ಹೇಳುವುದಿಲ್ಲ. ಕಾಲಿಗೆ ಸ್ಪರ್ಶ ತಗ್ಗಿದವರು ನೆಟ್ಟಗೆ ನಿಲ್ಲುವುದು ಕಣ್ಣಿನ ಬಲದಿಂದ. ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ ತೂರಾಡುವ ಅನುಭವ ತಮಗಿದ್ದರೆ, ಗಂಗೆಯಲ್ಲಿ ಕಣ್ಣು ಮುಚ್ಚಿ ಮೂರು ಮುಳುಗು ಹಾಕುವಾಗ ಏನಾಗಬಹುದು ಯೋಚಿಸಿ. ಕೆಳಗೆ ಪಾಚಿ ಹಿಡಿದ ಮೆಟ್ಟಿಲು. ಸರಪಳಿಯನ್ನೋ ಒಬ್ಬರ ಕೈಯನ್ನೋ ಹಿಡಿಯದೆ ಮುಳುಗಬೇಡಿ. ಆರತಿಗೆ ಮೆಟ್ಟಿಲ ಮೇಲೆ ಒಂದು ಗಂಟೆ ಚಕ್ಕಳಮಕ್ಕಳ ಕೂತರೆ ಮೊಣಕಾಲ ಪಕ್ಕದ ನರ ಒತ್ತಿಹೋಗುತ್ತದೆ, ಎದ್ದಾಗ ಪಾದ ಎತ್ತಲು ಬಾರದೆ ಎಡವುತ್ತೀರಿ. ಥಟ್ಟನೆ ಎದ್ದರೆ ಕೆಲವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಒಂದು ನಿಮಿಷ ಕೂತಲ್ಲೇ ಕಾಲಾಡಿಸಿ, ಆಮೇಲೆ ಏಳಿ. ಚಳಿಗೆ ಬನಾರಸಿನವರು ಮಂಚದ ಬಳಿ ಬೋರ್ಸಿ ಎಂಬ ಕೆಂಡದ ಮಡಕೆ ಇಡುತ್ತಾರೆ. ಅದಕ್ಕೂ ಬಿಸಿನೀರಿನ ಚೀಲಕ್ಕೂ ಕಾಲು ಒಡ್ಡಬೇಡಿ. ಕಾಲಭೈರವನ ಕಪ್ಪು ದಾರವನ್ನು ಕೈಗೆ ಕಟ್ಟಿಸಿಕೊಳ್ಳಿ, ಕಾಲಿಗೆ ಬೇಡ. ಹೆಣ್ಣುಮಕ್ಕಳು ಕಾಲುಂಗುರ ಬಿಗಿಯಾಗಿದ್ದರೆ ಸಡಿಲ ಮಾಡಿಸಿಕೊಳ್ಳಿ. ತೆಗೆಯುವ ಮಾತು ನಾನು ಆಡಿದರೆ ನನ್ನ ಮನೆಯಲ್ಲೇ ಊಟ ಸಿಗುವುದಿಲ್ಲ. ಏಕಾದಶಿ ಉಪವಾಸವಿದ್ದು ಸಕ್ಕರೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಹೊರಡುವ ಮೊದಲು ಇನ್ನೊಂದು ಕೆಲಸ. ಕಾಲಿನ ಪರೀಕ್ಷೆ ಮಾಡಿಸಿಕೊಳ್ಳಿ. ಮೀನುಗಾಳದ ದಾರದಂಥ ಒಂದು ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಅದನ್ನು ಅಂಗಾಲಿಗೆ ಒತ್ತಿ ತಿಳಿಯಿತೇ ಎಂದು ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಪ್ರಾಮಾಣಿಕವಾಗಿ ಉತ್ತರಿಸಬೇಕು, ಅಷ್ಟೆ. ಹತ್ತು ನಿಮಿಷದ ಕೆಲಸ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟುಬರಬೇಕು ಎಂಬ ರೂಢಿ ತಮಗೆ ಗೊತ್ತೇ ಇದೆ. ನಮ್ಮ ತಾಯಿ ಬದನೆಕಾಯಿ ಬಿಟ್ಟಿದ್ದರು. ನಾನು ಮನೆಯೊಳಗೆ ಬರಿಗಾಲಲ್ಲಿ ನಡೆಯುವುದನ್ನು ಬಿಟ್ಟೆ. ಹುಟ್ಟಿದಂದಿನಿಂದ ತಂಪು ನೆಲಕ್ಕೆ ಪಾದ ಊರಿದ ಸುಖ ಅದು, ಈಗಲೂ ಬೆಳಿಗ್ಗೆ ಎದ್ದಾಗ ನೆನಪಾಗುತ್ತದೆ. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಗೆ ಘಾಟುಗಳಲ್ಲೆಲ್ಲ ದೀಪ ಹಚ್ಚುವಾಗ ಆ ಜನಸಂದಣಿಯಲ್ಲಿ ನಾನು ನಡೆಯುವುದಿಲ್ಲ. ನಮ್ಮ ಛತ್ರದವರೆಲ್ಲ ಸೇರಿ ಒಂದು ದೋಣಿ ಮಾಡುತ್ತೇವೆ. ಈ ವರ್ಷ ಹಾಸನದ ಆ ದಂಪತಿಗಳೂ ಬರುತ್ತಾರಂತೆ. ಗಯೆಗೆ ಈ ಸಲ ತಾವೇ ಹೋಗುತ್ತಾರಂತೆ, ಹೊಸ ಚಪ್ಪಲಿ ಹೊಲಿಸಿದ್ದಾರಂತೆ. ವಿಜಯಪುರದ ಹುಡುಗ ಓದು ಮುಗಿಸಿ ಊರಿಗೆ ಹೋಗಿದ್ದಾನೆ. ಟವೆಲು ಹಾಸಿ ಕೂರುವ ಸರದಿ ನನ್ನದು ಎಂದು ಈಗಾಗಲೇ ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದಾರೆ.